ಚಲಿಸುವ ಬೆಳಕಿನ ಅಮೂರ್ತ ಛಾಯಾಗ್ರಹಣ

ಚಲಿಸುವ ಬೆಳಕಿನ ಅಮೂರ್ತ ಛಾಯಾಗ್ರಹಣವು ಕ್ಯಾಮೆರಾದ ಷಟರನ್ನು ದೀರ್ಘಕಾಲ ತೆರೆದಿಟ್ಟು, ಆ ಅವಧಿಯಲ್ಲಿ ದೀಪವನ್ನೋ ಕ್ಯಾಮೆರಾವನ್ನೋ ಅಥವಾ ಎರಡನ್ನೂ ಚಲಿಸುವಂತೆ ಮಾಡಿ, ವಸ್ತುಗಳ ರೂಪಕ್ಕೆ ಬದಲಾಗಿ ಬೆಳಕಿನ ಜಾಡನ್ನೇ ಚಿತ್ರವಾಗಿ ಪಡೆಯುವ ಛಾಯಾಗ್ರಹಣ ವಿಧಾನವಾಗಿದೆ. ಸಾಮಾನ್ಯ ಛಾಯಾಚಿತ್ರದಲ್ಲಿ ಕೈ ಅಲುಗುವುದು ದೋಷವೆನಿಸಿದರೆ, ಇಲ್ಲಿ ಅದೇ ಚಲನೆಯು ಚಿತ್ರದ ರಚನಾ ಸಾಮಗ್ರಿಯಾಗುತ್ತದೆ. ಹೀಗೆ ಮೂಡಿದ ಚಿತ್ರವು ಮೊದಲ ನೋಟಕ್ಕೆ ಗೊತ್ತುಗುರಿಯಿಲ್ಲದ ಗೀಚಿನಂತೆ ಕಂಡರೂ, ಅದರ ಪ್ರತಿಯೊಂದು ಗೆರೆಯೂ ನಿಶ್ಚಿತ ನಿಯಮಗಳಿಗೆ ಒಳಪಟ್ಟಿರುತ್ತದೆ. ಚಲಿಸಿದ್ದು ದೀಪವೋ ಕ್ಯಾಮೆರಾವೋ, ಚಲನೆಯ ವೇಗವೆಷ್ಟು, ದೀಪ ಯಾವ ಬಗೆಯದು ಎಂಬ ವಿವರಗಳನ್ನು ಗೆರೆಯನ್ನು ನೋಡಿಯೇ ಬಹುಮಟ್ಟಿಗೆ ತಿಳಿಯಬಹುದು. ಈ ವಿಧಾನವು ಕಲೆಗಿಂತ ಮೊದಲು ಶರೀರವಿಜ್ಞಾನದ ಪ್ರಯೋಗಾಲಯದಲ್ಲಿ ಬಳಕೆಗೆ ಬಂದದ್ದಕ್ಕೆ ಕಾರಣವೂ ಇದೇ.

ಹೆಸರು ಮತ್ತು ವ್ಯಾಪ್ತಿ

ಈ ವಿಧಾನಕ್ಕೆ ಒಂದೇ ಹೆಸರು ನೆಲೆಗೊಂಡಿಲ್ಲ. ಸ್ಥಿರವಾಗಿ ನಿಂತ ಕ್ಯಾಮೆರಾದ ಮುಂದೆ ಕೈದೀಪವನ್ನು ಆಡಿಸಿ ಗೆರೆ ಎಳೆಯುವುದನ್ನು ‘ಲೈಟ್ ಡ್ರಾಯಿಂಗ್’ ಎಂದೂ, ಕತ್ತಲೆಯಲ್ಲಿರುವ ವಸ್ತುವಿನ ಮೇಲೆ ಟಾರ್ಚಿನ ಬೆಳಕನ್ನು ಸವರಿ ಅದನ್ನು ಬೆಳಗಿಸುವುದನ್ನು ‘ಲೈಟ್ ಪೇಂಟಿಂಗ್’ ಎಂದೂ ಕರೆಯುವುದುಂಟು. ಆದರೆ ಎರಡನೆಯ ಹೆಸರನ್ನೇ ಎರಡಕ್ಕೂ ಬಳಸುವವರು ಹೆಚ್ಚು. ದೀಪಗಳು ಇದ್ದಲ್ಲೇ ಇದ್ದು ಕ್ಯಾಮೆರಾ ಚಲಿಸಿದರೆ ಅದು ‘ಉದ್ದೇಶಿತ ಕ್ಯಾಮೆರಾ ಚಲನೆ’. ಇದನ್ನು ಇಂಗ್ಲಿಷಿನ ಮೊದಲಕ್ಷರಗಳಿಂದ ‘ಐಸಿಎಂ’ ಎಂದು ಸಂಕ್ಷೇಪಿಸುತ್ತಾರೆ. ಇಲ್ಲಿ ಈ ಮೂರರಲ್ಲಿ ಮೊದಲನೆಯದಕ್ಕೂ ಕೊನೆಯದಕ್ಕೂ ಸಂಬಂಧಿಸಿದ ವಿಷಯಗಳನ್ನು ಮುಖ್ಯವಾಗಿ ವಿವರಿಸಲಾಗಿದೆ.

‘ಫೋಟೋಗ್ರಫಿ’ ಎಂಬ ಪದವು ಗ್ರೀಕ್ ಮೂಲದಿಂದ ಬಂದಿದ್ದು, ಅದಕ್ಕೆ ಬೆಳಕಿನಿಂದ ಬರೆಯುವುದು ಎಂಬ ಅರ್ಥವಿದೆ. ಕನ್ನಡದ ‘ಛಾಯಾಗ್ರಹಣ’ವಾದರೋ ನೆರಳನ್ನು ಹಿಡಿಯುವುದನ್ನು ಸೂಚಿಸುತ್ತದೆ. ಬೇರಾವ ಬಗೆಯ ಛಾಯಾಗ್ರಹಣಕ್ಕಿಂತಲೂ ಈ ವಿಧಾನಕ್ಕೆ ಗ್ರೀಕ್ ಪದದ ಮೂಲಾರ್ಥವು ಅಕ್ಷರಶಃ ಹೊಂದುತ್ತದೆ.

ಕಣ್ಣು ಮತ್ತು ಕ್ಯಾಮೆರಾ

ಉರಿಯುವ ಕೊಳ್ಳಿಯನ್ನು ಕತ್ತಲೆಯಲ್ಲಿ ವೇಗವಾಗಿ ತಿರುಗಿಸಿದರೆ ಬೆಂಕಿಯ ಚಕ್ರವೊಂದು ಕಾಣಿಸುತ್ತದೆ. ಭಾರತೀಯ ದಾರ್ಶನಿಕರು ಇದನ್ನು ‘ಅಲಾತಚಕ್ರ’ ಎಂದು ಕರೆದು, ಇಲ್ಲದ್ದು ಇದ್ದಂತೆ ತೋರುವುದಕ್ಕೆ ದೃಷ್ಟಾಂತವಾಗಿ ಬಳಸಿದ್ದಾರೆ. ಗೌಡಪಾದರ ಮಾಂಡೂಕ್ಯ ಕಾರಿಕೆಯ ನಾಲ್ಕನೆಯ ಪ್ರಕರಣಕ್ಕೆ ‘ಅಲಾತಶಾಂತಿ’ ಎಂಬ ಹೆಸರೇ ಇದೆ. ದೀಪಾವಳಿಯ ರಾತ್ರಿ ಸುರುಸುರು ಬತ್ತಿಯಿಂದ ಗಾಳಿಯಲ್ಲಿ ಹೆಸರು ಬರೆಯುವ ಮಕ್ಕಳಿಗೂ ಈ ಅನುಭವ ಪರಿಚಿತವಾದುದು.

ಕಣ್ಣಿನಲ್ಲಿ ಬೆಳಕಿನ ಸಂವೇದನೆಯು ಕ್ಷಣಕಾಲ ಉಳಿಯುವುದರಿಂದ ಈ ಚಕ್ರ ಕಾಣಿಸುತ್ತದೆ. 1765ರಲ್ಲಿ ಷೆವಾಲಿಯೆ ದಾರ್ಸಿ ಎಂಬ ವಿದ್ವಾಂಸರು ಉರಿಯುವ ಕೆಂಡವನ್ನು ಯಂತ್ರದಿಂದ ತಿರುಗಿಸಿ, ಪೂರ್ಣವೃತ್ತ ಕಾಣಿಸಬೇಕಾದರೆ ಒಂದು ಸುತ್ತು ಸುಮಾರು 0.13 ಸೆಕೆಂಡಿನಲ್ಲಿ ಮುಗಿಯಬೇಕೆಂದು ಅಳೆದಿದ್ದರು. ಅದಕ್ಕಿಂತ ನಿಧಾನವಾಗಿ ತಿರುಗಿಸಿದರೆ ವೃತ್ತ ಒಡೆದು ಬಾಲವುಳ್ಳ ಕಿಡಿಯಷ್ಟೇ ಉಳಿಯುತ್ತದೆ. ಸಂವೇದನೆ ಅಳಿಸಿಹೋಗುವುದರಿಂದ ಕಣ್ಣಿಗೆ ಈ ಮಿತಿಯಿದೆ. ಕ್ಯಾಮೆರಾಕ್ಕೆ ಅಂತಹ ಮಿತಿಯಿಲ್ಲ. ಷಟರ್ ತೆರೆದಿರುವಷ್ಟು ಹೊತ್ತು ಅದು ಬೆಳಕನ್ನು ಕೂಡಿಡುತ್ತಲೇ ಹೋಗುತ್ತದೆ, ಬಿದ್ದ ಬೆಳಕನ್ನು ಮರೆಯುವುದಿಲ್ಲ. ಆದ್ದರಿಂದ ಮೂವತ್ತು ಸೆಕೆಂಡುಗಳ ಕಾಲ ನಿಧಾನವಾಗಿ ಎಳೆದ ಗೆರೆಯೂ ಚಿತ್ರದಲ್ಲಿ ಒಂದೇ ಗಳಿಗೆಯಲ್ಲಿ ಇಡಿಯಾಗಿ ಇದ್ದಂತೆ ಕಾಣುತ್ತದೆ. ದಾರ್ಶನಿಕರು ಭ್ರಮೆಯ ಉದಾಹರಣೆಯಾಗಿ ತೋರಿಸಿದ ಚಕ್ರವನ್ನು ಕ್ಯಾಮೆರಾ ದಾಖಲೆಯಾಗಿ ಒಪ್ಪಿಸುವುದು ಕುತೂಹಲಕರವಾಗಿದೆ.

ಗೆರೆ ಮೂಡುವ ಬಗೆ

ಯಾವುದೇ ಛಾಯಾಚಿತ್ರದ ಎಕ್ಸ್‌ಪೋಷರನ್ನು ಷಟರ್ ತೆರೆದಿರುವ ಕಾಲ, ಮಸೂರದ ದ್ಯುತಿರಂಧ್ರದ ಅಗಲ ಹಾಗೂ ಐಎಸ್‌ಒ ಎಂಬ ಸೂಕ್ಷ್ಮತೆಯ ಮಟ್ಟ ಇವು ಮೂರೂ ಸೇರಿ ನಿರ್ಧರಿಸುತ್ತವೆ. ನಿಶ್ಚಲ ದೃಶ್ಯದಲ್ಲಿ ಈ ಮೂರು ಒಂದಕ್ಕೊಂದು ಬದಲಿಯಾಗಬಲ್ಲವು. ಕಾಲವನ್ನು ಇಮ್ಮಡಿಗೊಳಿಸಿ ರಂಧ್ರವನ್ನು ಒಂದು ಹಂತ ಕಿರಿದುಮಾಡಿದರೆ ಚಿತ್ರದ ಪ್ರಕಾಶ ಮೊದಲಿನಷ್ಟೇ ಇರುತ್ತದೆ. ಚಲಿಸುವ ಬೆಳಕಿನ ವಿಷಯದಲ್ಲಿ ಈ ವಿನಿಮಯ ಮುರಿದುಬೀಳುತ್ತದೆ. ಈ ಬಗೆಯ ಛಾಯಾಗ್ರಹಣವನ್ನು ಅರ್ಥಮಾಡಿಕೊಳ್ಳಲು ಇದೊಂದು ಸಂಗತಿ ಮನದಟ್ಟಾಗುವುದು ಅತ್ಯಗತ್ಯ.

ಚಲಿಸುವ ದೀಪದ ಬಿಂಬವು ಸಂವೇದಕದ ಯಾವುದೇ ಒಂದು ಬಿಂದುವಿನ ಮೇಲೆ ಅತ್ಯಲ್ಪ ಕಾಲ ಮಾತ್ರ ನಿಂತು ಮುಂದೆ ಸಾಗುತ್ತದೆ. ಅದು ದಾಟಿಹೋದ ಮೇಲೆ ಷಟರ್ ಇನ್ನೂ ಹತ್ತು ಸೆಕೆಂಡು ತೆರೆದಿದ್ದರೂ ಆ ಬಿಂದುವಿಗೆ ಹೊಸ ಬೆಳಕು ಬರುವುದಿಲ್ಲ. ಹೀಗಾಗಿ ಗೆರೆಯ ಪ್ರಕಾಶವು ದೀಪದ ಪ್ರಖರತೆ, ದ್ಯುತಿರಂಧ್ರ, ಐಎಸ್‌ಒ ಮತ್ತು ಚಲನೆಯ ವೇಗ ಇವುಗಳನ್ನು ಅವಲಂಬಿಸಿದೆಯೇ ಹೊರತು ಷಟರಿನ ಒಟ್ಟು ಕಾಲವನ್ನಲ್ಲ. ಕಾಲ ಹೆಚ್ಚಿದಂತೆ ಗೆರೆ ಉದ್ದವಾಗುತ್ತದೆ, ಆದರೆ ಹೆಚ್ಚು ಬೆಳಗುವುದಿಲ್ಲ. ಹಿನ್ನೆಲೆಯ ಗೋಡೆ, ಆಕಾಶ, ಮರ ಮುಂತಾದ ನಿಶ್ಚಲ ವಸ್ತುಗಳು ಮಾತ್ರ ಕಾಲದೊಂದಿಗೆ ಬೆಳಗುತ್ತಾ ಹೋಗುತ್ತವೆ. ಗೆರೆ ಮಂಕಾಗಿದೆಯೆಂದು ಷಟರ್ ಕಾಲವನ್ನು ಹೆಚ್ಚಿಸಿದವರಿಗೆ ಗೆರೆ ಅಷ್ಟೇ ಮಂಕಾಗಿದ್ದು ಹಿನ್ನೆಲೆ ಮಾತ್ರ ಬಿಳಿಚಿಕೊಂಡ ಚಿತ್ರ ದೊರೆಯುವುದು ಇದೇ ಕಾರಣದಿಂದ. ಗೆರೆಗೆ ರಂಧ್ರ, ಹಿನ್ನೆಲೆಗೆ ಕಾಲ ಎಂದು ನೆನಪಿಟ್ಟುಕೊಂಡರೆ ಅರ್ಧ ಗೊಂದಲ ಕಳೆಯುತ್ತದೆ.

ವೇಗ ಇಮ್ಮಡಿಯಾದರೆ ಗೆರೆಯ ಪ್ರಕಾಶ ಅರ್ಧಕ್ಕಿಳಿಯುತ್ತದೆ. ಕೈಯಿಂದ ಬರೆದ ಬೆಳಕಿನ ಗೆರೆಯಲ್ಲಿ ತಿರುವುಗಳೂ ಮೂಲೆಗಳೂ ಹೆಚ್ಚು ಬೆಳಗಿ, ನೇರ ಭಾಗಗಳು ತೆಳುವಾಗಿರುವುದು ಇದರಿಂದಲೇ. ತಿರುವಿನಲ್ಲಿ ಕೈ ತಾನಾಗಿ ನಿಧಾನವಾಗುತ್ತದೆ. ಲೇಖನಿಯಿಂದ ಬರೆಯುವಾಗ ಒತ್ತಿದ ಕಡೆ ಮಸಿ ದಟ್ಟವಾಗುವುದಕ್ಕೆ ಇದನ್ನು ಹೋಲಿಸಬಹುದು. ಗೆರೆಗಳು ಒಂದನ್ನೊಂದು ದಾಟುವಲ್ಲಿ ಎರಡರ ಬೆಳಕೂ ಕೂಡಿಕೊಂಡು ಆ ಬಿಂದು ಇನ್ನಷ್ಟು ಹೊಳೆಯುತ್ತದೆ. ಇಲ್ಲಿ ಒಂದು ಗೆರೆ ಇನ್ನೊಂದನ್ನು ಮರೆಮಾಡುವುದೆಂಬುದೇ ಇಲ್ಲವಾದ್ದರಿಂದ, ಯಾವುದು ಮುಂದೆ ಯಾವುದು ಹಿಂದೆ ಎಂಬುದನ್ನು ನಿರ್ಣಯಿಸಲು ಆಗುವುದಿಲ್ಲ. ಚಿತ್ರದಲ್ಲಿ ಆಳದ ಭಾವನೆ ಕರಗಿ ಅಮೂರ್ತತೆ ಒದಗುವುದರಲ್ಲಿ ಈ ಪಾರದರ್ಶಕ ಗುಣದ ಪಾಲು ದೊಡ್ಡದು.

ಬಣ್ಣವೂ ಪ್ರಕಾಶಕ್ಕೆ ಬದ್ಧವಾಗಿದೆ. ಕೆಂಪು ದೀಪದ ಗೆರೆಯು ಸಂವೇದಕ ತಾಳಬಲ್ಲ ಮಿತಿಯನ್ನು ಮೀರಿದರೆ ನಡುವೆ ಬಿಳಿಯಾಗಿ ಅಂಚಿನಲ್ಲಷ್ಟೇ ಕೆಂಪು ಉಳಿಯುತ್ತದೆ. ಬಣ್ಣ ತುಂಬಿದ ಗೆರೆ ಬೇಕೆಂದರೆ ರಂಧ್ರವನ್ನು ಒಂದೆರಡು ಹಂತ ಕಿರಿದುಗೊಳಿಸುವುದು ವಾಡಿಕೆ.

ಇತಿಹಾಸ

ಆರಂಭದ ಛಾಯಾಗ್ರಹಣವೆಲ್ಲವೂ ಅನಿವಾರ್ಯವಾಗಿ ದೀರ್ಘ ಎಕ್ಸ್‌ಪೋಷರಿನದೇ ಆಗಿತ್ತು. ಲೂಯಿ ಡಾಗೇರ್ 1838ರಲ್ಲಿ ತೆಗೆದ ಪ್ಯಾರಿಸ್ಸಿನ ಬುಲ್ವಾರ್ ದ್ಯು ಟೆಂಪಲ್ ರಸ್ತೆಯ ಚಿತ್ರದಲ್ಲಿ ಓಡಾಡುತ್ತಿದ್ದ ಜನರೂ ಗಾಡಿಗಳೂ ಮಾಯವಾಗಿ, ಬೂಟಿಗೆ ಪಾಲಿಶ್ ಹಾಕಿಸಿಕೊಳ್ಳಲು ನಿಂತಿದ್ದ ವ್ಯಕ್ತಿಯ ಆಕೃತಿ ಮಾತ್ರ ಉಳಿದಿದೆ. ಅಂದು ಚಲನೆಯೆಂದರೆ ಅಳಿಸಿಹೋಗುವುದು ಎಂದೇ ಅರ್ಥ. ಚಲಿಸುವ ವಸ್ತುವೇ ಬೆಳಕನ್ನು ಸೂಸಿದಾಗ ಈ ಸ್ಥಿತಿ ತಲೆಕೆಳಗಾಯಿತು.

ಫ್ರಾನ್ಸಿನ ಶರೀರವಿಜ್ಞಾನಿ ಎಟಿಯೆನ್ ಜೂಲ್ ಮಾರೆ ಮತ್ತು ಅವರ ಸಹಾಯಕ ಜಾರ್ಜ್ ದೆಮೆನಿ 1889ರಲ್ಲಿ ನಡಿಗೆಯ ದೋಷವುಳ್ಳ ವ್ಯಕ್ತಿಯ ಕೀಲುಗಳಿಗೆ ಸಣ್ಣ ವಿದ್ಯುದ್ದೀಪಗಳನ್ನು ಕಟ್ಟಿ, ಕತ್ತಲೆಯಲ್ಲಿ ನಡೆಸಿ, ದೀಪಗಳ ಜಾಡನ್ನು ಒಂದೇ ಫಲಕದ ಮೇಲೆ ದಾಖಲಿಸಿದರು. ಬೆಳಕಿನ ಗೆರೆಗಳಿಂದಲೇ ರಚಿತವಾದ ಅತಿ ಹಳೆಯ ಛಾಯಾಚಿತ್ರಗಳಲ್ಲಿ ಇದೂ ಒಂದೆಂದು ಪರಿಗಣಿಸಲಾಗಿದೆ. ಮಾರೆಯವರಿಗೆ ಚಿತ್ರದ ಚೆಲುವು ಮುಖ್ಯವಾಗಿರಲಿಲ್ಲ. ರೋಗಿಯ ಹೆಜ್ಜೆ ಎಲ್ಲಿ ತಪ್ಪುತ್ತದೆ ಎಂಬುದನ್ನು ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾಗಿ ಅರಿಯುವುದು ಅವರ ಉದ್ದೇಶವಾಗಿತ್ತು.

ಅಮೆರಿಕದ ಫ್ರಾಂಕ್ ಗಿಲ್ಬ್ರೆತ್ ಮತ್ತು ಲಿಲಿಯನ್ ಗಿಲ್ಬ್ರೆತ್ ದಂಪತಿ 1910ರ ದಶಕದಲ್ಲಿ ಇದೇ ಉಪಾಯವನ್ನು ಕಾರ್ಖಾನೆಗೆ ಒಯ್ದರು. ಕೆಲಸಗಾರರ ಕೈಬೆರಳುಗಳಿಗೆ ಪುಟ್ಟ ಬಲ್ಬುಗಳನ್ನು ಕಟ್ಟಿ ಅವರು ಕೆಲಸ ಮಾಡುವಾಗ ಷಟರನ್ನು ತೆರೆದಿಟ್ಟರೆ, ಕೈ ಸಾಗಿದ ದಾರಿಯೆಲ್ಲ ಬೆಳಕಿನ ಗೆರೆಯಾಗುತ್ತಿತ್ತು. ಬಲ್ಬನ್ನು ನಿಯತ ಕಾಲಕ್ಕೆ ಮಿನುಗುವಂತೆ ಮಾಡಿ ಗೆರೆಯನ್ನು ಚುಕ್ಕೆಗಳಾಗಿ ಒಡೆದುದರಿಂದ ಚಲನೆಗೆ ತಗಲಿದ ಸಮಯವನ್ನೂ ಎಣಿಸಲು ಸಾಧ್ಯವಾಯಿತು. ಚುಕ್ಕೆಯ ಆಕಾರದಿಂದ ಕೈ ಸಾಗಿದ ದಿಕ್ಕೂ ತಿಳಿಯುತ್ತಿತ್ತು. ಅನಗತ್ಯ ಚಲನೆಗಳನ್ನು ತೆಗೆದುಹಾಕಿ ದಣಿವನ್ನು ತಗ್ಗಿಸುವುದು ತಮ್ಮ ಗುರಿಯೆಂದು ದಂಪತಿ ಹೇಳುತ್ತಿದ್ದರು. ಕೆಲಸಗಾರನ ಮೈಯನ್ನೇ ಯಂತ್ರದಂತೆ ಅಳೆಯುವ ಈ ಕ್ರಮಕ್ಕೆ ಇನ್ನೊಂದು ಮುಖವೂ ಇದ್ದಿತೆಂಬುದನ್ನು ಇಂದಿನ ಓದುಗರು ಗಮನಿಸದೆ ಇರಲಾರರು. ಹೇಗೇ ಇರಲಿ, ಕಲೆಯ ಉದ್ದೇಶವಿಲ್ಲದೆ ತೆಗೆದ ಆ ಚಿತ್ರಗಳು ಇಂದು ಅಮೂರ್ತ ರೇಖಾಚಿತ್ರಗಳಂತೆಯೇ ಕಾಣುತ್ತವೆ.

ಇದೇ ಕಾಲದಲ್ಲಿ ಇಟಲಿಯಲ್ಲಿ ಆಂಟನ್ ಜೂಲಿಯೊ ಬ್ರಗಾಲಿಯಾ ಮಾರೆಯವರ ಮಾರ್ಗಕ್ಕೆ ವಿರುದ್ಧವಾದ ನಿಲುವು ತಳೆದರು. ಚಲನೆಯನ್ನು ತುಂಡುತುಂಡಾಗಿ ಬೇರ್ಪಡಿಸಿ ತೋರಿಸುವುದರಿಂದ ಅದರ ಜೀವ ಹೋಗುತ್ತದೆ, ಅಖಂಡವಾದ ಹರಿವನ್ನೇ ಹಿಡಿಯಬೇಕು ಎಂಬುದು 1913ರಲ್ಲಿ ಪ್ರಕಟವಾದ ಅವರ ‘ಫೋಟೊಡೈನಮಿಸಂ’ ಕೃತಿಯ ವಾದ. ಚಲನೆಯನ್ನೇ ಆರಾಧಿಸುತ್ತಿದ್ದ ಫ್ಯೂಚರಿಸ್ಟ್ ಚಿತ್ರಕಾರರು ಇದನ್ನು ಸ್ವಾಗತಿಸಬೇಕಾಗಿತ್ತು. ಆದರೆ ಅವರಲ್ಲಿ ಪ್ರಮುಖರಾದ ಉಂಬೆರ್ತೊ ಬೊಚ್ಚೋನಿ ಯಂತ್ರದಿಂದ ಮೂಡಿದ ಚಿತ್ರವನ್ನು ತಮ್ಮ ಕಲೆಯೊಂದಿಗೆ ಸೇರಿಸಲು ಒಪ್ಪಲಿಲ್ಲ. ಇದು ಕಲೆಯೋ ಯಂತ್ರದ ಆಕಸ್ಮಿಕವೋ ಎಂಬ ಪ್ರಶ್ನೆ ಅಲ್ಲಿಂದಲೂ ಈ ವಿಧಾನದ ಬೆನ್ನಿಗಿದೆ.

ಬೆಳಕಿನ ಗೆರೆಯನ್ನು ಕಲಾಕೃತಿಯೆಂದೇ ಭಾವಿಸಿ ರಚಿಸಿದವರಲ್ಲಿ ಮ್ಯಾನ್ ರೇ ಮೊದಲಿಗರಲ್ಲಿ ಒಬ್ಬರು. 1935ರಲ್ಲಿ ಅವರು ತೆರೆದ ಷಟರಿನ ಎದುರು ಕುಳಿತು ಪುಟ್ಟ ಕೈದೀಪದಿಂದ ಗಾಳಿಯಲ್ಲಿ ಸುರುಳಿಗಳನ್ನು ಎಳೆದು ‘ಸ್ಪೇಸ್ ರೈಟಿಂಗ್’ ಎಂಬ ಸ್ವಚಿತ್ರವನ್ನು ತೆಗೆದರು. ಆ ಸುರುಳಿಗಳನ್ನು ಅರ್ಥವಿಲ್ಲದ ಗೀಚೆಂದೇ ದಶಕಗಳ ಕಾಲ ತಿಳಿಯಲಾಗಿತ್ತು. 2009ರಲ್ಲಿ ಅಮೆರಿಕದ ಛಾಯಾಗ್ರಾಹಕಿ ಎಲೆನ್ ಕೇರಿ ಆ ಚಿತ್ರವನ್ನು ಕನ್ನಡಿಯಲ್ಲಿ ನೋಡಿದಾಗ ಗೀಚಿನ ನಡುವೆ ಮ್ಯಾನ್ ರೇ ಅವರ ಸಹಿ ಇರುವುದು ಬೆಳಕಿಗೆ ಬಂದಿತು. ಕ್ಯಾಮೆರಾದ ಕಡೆಗೆ ಮುಖಮಾಡಿ ಬರೆದುದು ಚಿತ್ರದಲ್ಲಿ ತಿರುಗುಮುರುಗಾಗಿ ಮೂಡುತ್ತದೆ ಎಂಬ ಸರಳ ಸಂಗತಿಯೇ ಎಪ್ಪತ್ತಕ್ಕೂ ಹೆಚ್ಚು ವರ್ಷ ಆ ಸಹಿಯನ್ನು ಅಡಗಿಸಿಟ್ಟಿತ್ತು.

ಈ ಪ್ರಕಾರದ ಅತ್ಯಂತ ಪ್ರಸಿದ್ಧ ಚಿತ್ರಗಳು 1949ರವು. ಅಲ್ಬೇನಿಯಾ ಮೂಲದ ಅಮೆರಿಕನ್ ಛಾಯಾಗ್ರಾಹಕ ಜಾನ್ ಮಿಲಿ ಎಂಜಿನಿಯರಿಂಗ್ ಓದಿದವರು. ಹಿಮದ ಮೇಲೆ ಸ್ಕೇಟಿಂಗ್ ಮಾಡುವವರ ಪಾದಗಳಿಗೆ ದೀಪ ಕಟ್ಟಿ ಅವರ ಜಿಗಿತಗಳ ಜಾಡನ್ನು ಹಿಡಿದಿದ್ದ ಚಿತ್ರಗಳನ್ನು ಅವರು ದಕ್ಷಿಣ ಫ್ರಾನ್ಸಿನ ವಲೋರಿಸ್‌ನಲ್ಲಿ ಪಾಬ್ಲೊ ಪಿಕಾಸೊ ಅವರಿಗೆ ತೋರಿಸಿದರು. ಒಂದು ಪ್ರಯೋಗಕ್ಕೆಂದು ಹದಿನೈದು ನಿಮಿಷ ಕೊಡಲು ಒಪ್ಪಿದ ಪಿಕಾಸೊ, ಫಲಿತಾಂಶ ಕಂಡು ಬೆರಗಾಗಿ ಐದು ಬಾರಿ ಕುಳಿತು ಸುಮಾರು ಮೂವತ್ತು ಚಿತ್ರಗಳನ್ನು ಕತ್ತಲ ಕೋಣೆಯ ಗಾಳಿಯಲ್ಲಿ ಬರೆದರು. ಗೂಳಿ, ಅರ್ಧ ಮನುಷ್ಯ ಅರ್ಧ ಕುದುರೆಯಾದ ಸೆಂಟಾರ್, ಗ್ರೀಕ್ ಮುಖಗಳು, ತಮ್ಮದೇ ಸಹಿ ಇವೆಲ್ಲ ಅವುಗಳಲ್ಲಿವೆ. ಗೆರೆ ಮೂಡಲು ಷಟರ್ ತೆರೆದೇ ಇದ್ದಿತು. ಆ ನಡುವೆ ಒಮ್ಮೆ ಫ್ಲಾಶ್ ಬೆಳಗಿಸಿದ್ದರಿಂದ ಬರೆಯುವವರ ಆಕೃತಿಯೂ ಅದೇ ಚಿತ್ರದಲ್ಲಿ ಸ್ಫುಟವಾಗಿ ನಿಂತಿತು. ಚಿತ್ರಗಳು ‘ಲೈಫ್’ ಪತ್ರಿಕೆಯಲ್ಲಿ ಪ್ರಕಟವಾದವು. ಬರೆಯುತ್ತಿರುವಾಗ ಪಿಕಾಸೊ ಅವರಿಗೆ ತಾವು ಬರೆದ ಗೆರೆ ಕಾಣುತ್ತಿರಲಿಲ್ಲ ಎಂಬುದನ್ನು ನೆನೆದರೆ ಅವರ ಕೈಯ ಹಿಡಿತ ಎಂತಹದೆಂಬುದು ತಿಳಿಯುತ್ತದೆ.

ದೀಪವನ್ನು ಬಿಟ್ಟು ಕ್ಯಾಮೆರಾವನ್ನೇ ಚಲಿಸುವ ಪ್ರಯೋಗಗಳಿಗೆ ಷಿಕಾಗೊ ನಗರ ನೆಲೆಯಾಯಿತು. ಜರ್ಮನಿಯ ಬೌಹೌಸ್ ಶಾಲೆಯಲ್ಲಿ ಬೋಧಿಸಿದ್ದ ಹಂಗರಿಯ ಕಲಾವಿದ ಲಾಸ್ಲೊ ಮೊಹೊಲಿ ನಾಜ್ 1937ರಲ್ಲಿ ಅಲ್ಲಿ ‘ನ್ಯೂ ಬೌಹೌಸ್’ ಶಾಲೆಯನ್ನು ಆರಂಭಿಸಿದರು. ಬೆಳಕನ್ನೇ ಕಲೆಯ ಕಚ್ಚಾವಸ್ತುವೆಂದು ನಂಬಿದ್ದ ಅವರು ರಾತ್ರಿಯ ವಾಹನಗಳ ದೀಪಗಳನ್ನು ಬಣ್ಣದ ಫಿಲ್ಮಿನ ಮೇಲೆ ದೀರ್ಘ ಎಕ್ಸ್‌ಪೋಷರಿನಲ್ಲಿ ಹಿಡಿದರು. 1946ರಲ್ಲಿ ಅದೇ ಸಂಸ್ಥೆಗೆ ಅಧ್ಯಾಪಕರಾಗಿ ಬಂದ ಹ್ಯಾರಿ ಕಲಹನ್, ನಿಯಾನ್ ದೀಪಗಳ ಎದುರು ಕ್ಯಾಮೆರಾವನ್ನು ಆಡಿಸಿ ತೆಗೆದ ಚಿತ್ರಗಳಿಗೆ ‘ರಾತ್ರಿಯಲ್ಲಿ ನಿಯಾನ್ ದೀಪಗಳ ಮೇಲೆ ಕ್ಯಾಮೆರಾ ಚಲನೆ’ ಎಂಬರ್ಥದ ಶೀರ್ಷಿಕೆ ಕೊಟ್ಟರು. ಮಾಡಿದ್ದೇನೆಂಬುದನ್ನು ಮರೆಮಾಚದೆ ಹೇಳುವ ಈ ಶೀರ್ಷಿಕೆ, ಅಮೂರ್ತ ಚಿತ್ರಗಳಿಗೆ ಗೂಢ ಹೆಸರುಗಳನ್ನು ಕೊಡುವ ರೂಢಿಗಿಂತ ಹೆಚ್ಚು ಪ್ರಾಮಾಣಿಕವಾದುದು. ಜರ್ಮನಿಯಲ್ಲಿ 1949ರಲ್ಲಿ ರೂಪುಗೊಂಡ ‘ಫೋಟೋಫಾರ್ಮ್’ ಗುಂಪಿನ ಪೀಟರ್ ಕೀಟ್‌ಮನ್ ಲೋಲಕಕ್ಕೆ ದೀಪ ಕಟ್ಟಿ ತೂಗಿಬಿಟ್ಟು ಜ್ಯಾಮಿತೀಯ ರೇಖಾಜಾಲಗಳನ್ನು ಪಡೆದರು. 1950ರ ದಶಕದಲ್ಲಿ ಅರ್ನ್‌ಸ್ಟ್ ಹಾಸ್ ನಿಧಾನ ಷಟರಿನಿಂದ ಗೂಳಿಕಾಳಗದಂತಹ ದೃಶ್ಯಗಳನ್ನು ಬಣ್ಣದ ಹರಿವಾಗಿಸಿ, ಪತ್ರಿಕಾ ಛಾಯಾಗ್ರಹಣದಲ್ಲಿಯೂ ಮಸುಕಿಗೆ ಸ್ಥಾನ ದೊರಕಿಸಿದರು.

ಕ್ಯಾಮೆರಾ ಚಲಿಸಿದಾಗ

ದೀಪಗಳು ಚಲಿಸಿದರೆ ಪ್ರತಿಯೊಂದೂ ತನ್ನದೇ ಗೆರೆಯನ್ನು ಬರೆಯುತ್ತದೆ. ಕ್ಯಾಮೆರಾ ಚಲಿಸಿದರೆ ಎಲ್ಲ ದೀಪಗಳೂ ಏಕಕಾಲದಲ್ಲಿ ಒಂದೇ ಆಕಾರವನ್ನು ಬರೆಯುತ್ತವೆ. ಕ್ಯಾಮೆರಾದ ಮೂತಿಯನ್ನು ಗಾಳಿಯಲ್ಲಿ ‘ರ’ ಅಕ್ಷರ ಬರೆಯುವಂತೆ ತಿರುಗಿಸಿದರೆ, ಚೌಕಟ್ಟಿನೊಳಗೆ ನೂರು ದೀಪಗಳಿದ್ದಾಗ ನೂರು ‘ರ’ಗಳು ಮೂಡುತ್ತವೆ. ಆದರೆ ಅವೆಲ್ಲವೂ ತಲೆಕೆಳಗಾಗಿ, ಎಡಬಲ ಅದಲುಬದಲಾಗಿ ಇರುತ್ತವೆ. ಕ್ಯಾಮೆರಾ ಬಲಕ್ಕೆ ತಿರುಗಿದರೆ ದೀಪದ ಬಿಂಬ ಎಡಕ್ಕೆ ಸರಿಯುವುದು ಇದಕ್ಕೆ ಕಾರಣ. ಮೈಸೂರು ಅರಮನೆಯಂತೆ ಸುಮಾರು ಒಂದು ಲಕ್ಷದಷ್ಟು ಬಲ್ಬುಗಳಿಂದ ಅಲಂಕೃತವಾದ ಕಟ್ಟಡವನ್ನು ಹೀಗೆ ತೆಗೆದರೆ, ಕಮಾನು ಗೋಪುರಗಳ ರೇಖೆಗಳ ಮೇಲೆ ಒಂದೇ ಕೈಬರಹ ಸಾವಿರಾರು ಬಾರಿ ಪುನರಾವರ್ತನೆಯಾದ ನೇಯ್ಗೆಯಂತಹ ವಿನ್ಯಾಸ ಉಂಟಾಗುತ್ತದೆ. ಒಂದು ಚಿತ್ರದಲ್ಲಿ ಎಲ್ಲ ಗೆರೆಗಳೂ ಸಮರೂಪವಾಗಿದ್ದರೆ ಚಲಿಸಿದ್ದು ಕ್ಯಾಮೆರಾ, ಬೇರೆಬೇರೆಯಾಗಿದ್ದರೆ ದೀಪಗಳು ಎಂದು ತಿಳಿಯಲು ಇದು ಸುಲಭದ ಗುರುತು.

ಚಲನೆಯ ಬಗೆಗೆ ತಕ್ಕಂತೆ ಈ ನಿಯಮ ಬದಲಾಗುತ್ತದೆ. ನಿಂತಲ್ಲೇ ಕ್ಯಾಮೆರಾವನ್ನು ಪಕ್ಕಕ್ಕೆ ತಿರುಗಿಸಿದರೆ ಹತ್ತಿರದ ದೀಪವೂ ದೂರದ ದೀಪವೂ ಒಂದೇ ಉದ್ದದ ಗೆರೆ ಎಳೆಯುತ್ತವೆ. ತಿರುಗಿಸದೆ, ಚಲಿಸುವ ಬಸ್ಸಿನಿಂದ ತೆಗೆದಂತೆ, ಕ್ಯಾಮೆರಾವನ್ನು ಪಕ್ಕಕ್ಕೆ ಸಾಗಿಸಿದರೆ ಹತ್ತಿರದ ದೀಪ ಉದ್ದನೆಯ ಗೆರೆಯನ್ನೂ ದೂರದ ದೀಪ ಗಿಡ್ಡ ಗೆರೆಯನ್ನೂ ಬರೆಯುತ್ತದೆ. ಮಸೂರದ ಅಕ್ಷದ ಸುತ್ತ ಕ್ಯಾಮೆರಾವನ್ನು ಹೊರಳಿಸಿದರೆ ಏಕಕೇಂದ್ರೀಯ ಕಂಸಗಳೂ, ಷಟರ್ ತೆರೆದಿರುವಾಗ ಜೂಮ್ ಉಂಗುರವನ್ನು ತಿರುಗಿಸಿದರೆ ನಡುವಿನಿಂದ ಸಿಡಿದಂತಹ ಗೆರೆಗಳೂ ಬರುತ್ತವೆ.

ನಕ್ಷತ್ರಗಳ ಜಾಡಿನ ಚಿತ್ರಗಳೂ ವಾಸ್ತವವಾಗಿ ಕ್ಯಾಮೆರಾ ಚಲನೆಯ ಚಿತ್ರಗಳೇ. ಅಲ್ಲಿ ಕ್ಯಾಮೆರಾವನ್ನು ಚಲಿಸುವುದು ಗಂಟೆಗೆ 15 ಡಿಗ್ರಿಯಷ್ಟು ತಿರುಗುವ ಭೂಮಿ. ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ ಅಲ್ಲಿ ಧ್ರುವನಕ್ಷತ್ರ ಕ್ಷಿತಿಜಕ್ಕಿಂತ ಸುಮಾರು 13 ಡಿಗ್ರಿ ಮಾತ್ರ ಮೇಲಿರುತ್ತದೆ. ಆದಕಾರಣ ಕರ್ನಾಟಕದಲ್ಲಿ ತೆಗೆದ ಇಂತಹ ಚಿತ್ರಗಳಲ್ಲಿ ವೃತ್ತಗಳ ಕೇಂದ್ರ ದಿಗಂತದ ಸಮೀಪಕ್ಕೆ ಇಳಿದಿದ್ದು, ಬಹುಪಾಲು ನಕ್ಷತ್ರಗಳ ಜಾಡು ಕಮಾನಿನಂತೆ ತೋರುತ್ತದೆ.

ಎಷ್ಟು ಚಲಿಸಬೇಕೆಂಬುದು ಮಸೂರದ ನಾಭಿದೂರವನ್ನು ಅವಲಂಬಿಸಿದೆ. 50 ಮಿಲಿಮೀಟರ್ ಮಸೂರದಲ್ಲಿ ಕ್ಯಾಮೆರಾ ಒಂದು ಡಿಗ್ರಿ ತಿರುಗಿದರೆ ಬಿಂಬವು ಸಂವೇದಕದ ಮೇಲೆ ಸುಮಾರು 0.87 ಮಿಲಿಮೀಟರ್ ಸರಿಯುತ್ತದೆ. 200 ಮಿಲಿಮೀಟರ್ ಮಸೂರದಲ್ಲಿ ಅದೇ ಒಂದು ಡಿಗ್ರಿಗೆ ಸುಮಾರು 3.5 ಮಿಲಿಮೀಟರ್ ಸರಿಯುತ್ತದೆ. ಉದ್ದ ಮಸೂರದಲ್ಲಿ ಮಣಿಕಟ್ಟಿನ ಸಣ್ಣ ನಡುಕವೂ ದೊಡ್ಡ ಅಲೆಯಾಗುವುದು ಸಹಜ.

ಚುಕ್ಕೆಗೆರೆಗಳು

ಕ್ಯಾಮೆರಾವನ್ನು ಬೀದಿದೀಪಗಳ ಎದುರು ಬೀಸಿದಾಗ ಕೆಲವು ದೀಪಗಳು ಅಖಂಡ ಗೆರೆಯನ್ನೂ ಕೆಲವು ಚುಕ್ಕೆಗಳ ಸಾಲನ್ನೂ ಬರೆಯುತ್ತವೆ. ಮೊದಲ ಬಾರಿಗೆ ಪ್ರಯೋಗ ಮಾಡುವವರಿಗೆ ಇದು ಕ್ಯಾಮೆರಾದ ದೋಷವೆನಿಸುತ್ತದೆ. ಆದರೆ ಚುಕ್ಕೆಗಳಿಗೆ ಕಾರಣ ವಿದ್ಯುತ್ ಪೂರೈಕೆಯಲ್ಲಿದೆ. ಭಾರತದಲ್ಲಿ ಮನೆಗಳಿಗೆ ಬರುವ ಪರ್ಯಾಯ ವಿದ್ಯುತ್ತು ಸೆಕೆಂಡಿಗೆ 50 ಆವರ್ತಗಳದು. ಪ್ರತಿ ಆವರ್ತದಲ್ಲಿ ಎರಡು ಬಾರಿ ಪ್ರವಾಹ ಏರಿ ಇಳಿಯುವುದರಿಂದ ದೀಪ ಸೆಕೆಂಡಿಗೆ 100 ಬಾರಿ ಮಿನುಗುತ್ತದೆ. ಕಣ್ಣಿಗೆ ಇದು ಗೋಚರಿಸುವುದಿಲ್ಲ. ಚಲಿಸುವ ಕ್ಯಾಮೆರಾ ಒಂದೊಂದು ಮಿನುಗನ್ನೂ ಬೇರೆಬೇರೆ ಜಾಗದಲ್ಲಿ ಇಡುವುದರಿಂದ ಅವು ಬಿಡಿಬಿಡಿಯಾಗಿ ಕಾಣುತ್ತವೆ.

ಹಳೆಯ ತಂತಿಯ ಬಲ್ಬಿನ ತಂತಿಗೆ ಅಷ್ಟು ಬೇಗ ತಣಿಯಲು ಅವಕಾಶವಿಲ್ಲದ್ದರಿಂದ ಅದರ ಗೆರೆ ಬಹುಮಟ್ಟಿಗೆ ಅಖಂಡವಾಗಿರುತ್ತದೆ. ತಾಮ್ರದ ಚೋಕ್ ಇರುವ ಟ್ಯೂಬ್‌ಲೈಟು, ಸೋಡಿಯಂ ದೀಪ, ಅಗ್ಗದ ಎಲ್‌ಇಡಿ ಬಲ್ಬು ಇವುಗಳಲ್ಲಿ ಗೆರೆ ಒಡೆಯುತ್ತದೆ. ಎಲೆಕ್ಟ್ರಾನಿಕ್ ಚೋಕ್ ಬಳಸಿದಲ್ಲಿ ಮಿನುಗು ಅತಿ ವೇಗವಾಗಿರುವುದರಿಂದ ಗೆರೆ ಮತ್ತೆ ಕೂಡಿಕೊಳ್ಳುತ್ತದೆ. ಬ್ಯಾಟರಿಯಿಂದ ನಡೆಯುವ ಕೆಲವು ವಾಹನಗಳ ಎಲ್‌ಇಡಿ ಹಿಂದೀಪಗಳೂ ಚುಕ್ಕೆ ಬರೆಯುವುದುಂಟು. ಅವುಗಳ ಪ್ರಕಾಶವನ್ನು ತಗ್ಗಿಸಲು ಪ್ರವಾಹವನ್ನು ವೇಗವಾಗಿ ಹಚ್ಚಿ ಆರಿಸುವ ಕ್ರಮ ಇದಕ್ಕೆ ಕಾರಣ.

ಗಿಲ್ಬ್ರೆತ್ ದಂಪತಿ ಉಪಕರಣ ಕಟ್ಟಿ ಸಾಧಿಸಿದ ಕಾಲಗಣನೆ ಹೀಗೆ ಇಂದು ಬೀದಿದೀಪದಲ್ಲಿಯೇ ದೊರೆಯುತ್ತದೆ. ಚುಕ್ಕೆಗಳನ್ನು ಎಣಿಸಿ ನೂರರಿಂದ ಭಾಗಿಸಿದರೆ ಗೆರೆ ಮೂಡಲು ತಗಲಿದ ಸೆಕೆಂಡುಗಳು ಸಿಗುತ್ತವೆ. 50 ಚುಕ್ಕೆಗಳಿದ್ದರೆ ಅರ್ಧ ಸೆಕೆಂಡು. ಚುಕ್ಕೆಗಳು ದೂರದೂರವಾದ ಕಡೆ ಕೈ ವೇಗವಾಗಿ ಸಾಗಿದೆ, ಒತ್ತಾದ ಕಡೆ ತಡೆದಿದೆ. ಪ್ರೌಢಶಾಲೆಯ ವಿಜ್ಞಾನ ತರಗತಿಯಲ್ಲಿ ಪರ್ಯಾಯ ವಿದ್ಯುತ್ತಿನ ಆವರ್ತನವನ್ನು ಕಣ್ಣಾರೆ ತೋರಿಸಲು ಇದಕ್ಕಿಂತ ಕಡಿಮೆ ಖರ್ಚಿನ ಸಾಧನ ವಿರಳ.

ಪ್ರಯೋಗದ ವಿಧಾನ

ಷಟರ್ ಕಾಲವನ್ನು ಕೈಯಿಂದ ನಿಗದಿಪಡಿಸಬಹುದಾದ ಯಾವುದೇ ಕ್ಯಾಮೆರಾ ಸಾಕು. ರಾತ್ರಿಯ ಬೀದಿದೀಪಗಳ ಎದುರು ಕ್ಯಾಮೆರಾವನ್ನು ಚಲಿಸುವ ಪ್ರಯೋಗಕ್ಕೆ ಐಎಸ್‌ಒ 100, ದ್ಯುತಿರಂಧ್ರ ಎಫ್ 8, ಷಟರ್ ಕಾಲ ಅರ್ಧದಿಂದ ನಾಲ್ಕು ಸೆಕೆಂಡು ಎಂಬ ಅಳತೆಗಳಿಂದ ಆರಂಭಿಸಬಹುದು. ಮಸೂರದ ಸ್ವಯಂಚಾಲಿತ ಫೋಕಸ್ ಕತ್ತಲೆಯಲ್ಲಿ ತಡಕಾಡುವುದರಿಂದ ಫೋಕಸನ್ನು ಮೊದಲೇ ಹೊಂದಿಸಿ ಸ್ಥಿರಗೊಳಿಸಬೇಕು. ಕಂಪನ ತಡೆಯುವ ವ್ಯವಸ್ಥೆ ಉದ್ದೇಶಿತ ಚಲನೆಯನ್ನೂ ತಡೆಯಲೆತ್ನಿಸುವುದರಿಂದ ಅದನ್ನು ಆರಿಸಿಡುವುದು ಲೇಸು. ಗುಂಡಿ ಒತ್ತುವಾಗ ಆಗುವ ಜಗ್ಗುವಿಕೆ ಪ್ರತಿ ಗೆರೆಯ ಮೊದಲಲ್ಲೂ ಒಂದು ಕೊಕ್ಕೆಯಾಗಿ ಮೂಡುತ್ತದೆ. ಚಲನೆಯನ್ನು ಮೊದಲು ಆರಂಭಿಸಿ ನಡುವೆ ಗುಂಡಿ ಒತ್ತಿ, ಷಟರ್ ಮುಚ್ಚಿದ ನಂತರವೂ ಕೈಯನ್ನು ಮುಂದುವರಿಸಿದರೆ ಕೊಕ್ಕೆ ಇಲ್ಲವಾಗುತ್ತದೆ.

ಕೈದೀಪದಿಂದ ಬರೆಯಲು ಕತ್ತಲ ಕೋಣೆಯೂ ಟ್ರೈಪಾಡೂ ಬೇಕು. ಹದಿನೈದರಿಂದ ಮೂವತ್ತು ಸೆಕೆಂಡು, ಅಥವಾ ಗುಂಡಿ ಒತ್ತಿರುವಷ್ಟು ಹೊತ್ತೂ ಷಟರ್ ತೆರೆದಿರುವ ‘ಬಲ್ಬ್’ ವ್ಯವಸ್ಥೆ ಬಳಕೆಯಲ್ಲಿದೆ. ಈ ‘ಬಲ್ಬ್’ ಎಂಬುದಕ್ಕೂ ವಿದ್ಯುದ್ದೀಪಕ್ಕೂ ಸಂಬಂಧವಿಲ್ಲ. ಹಿಂದಿನ ಕಾಲದಲ್ಲಿ ರಬ್ಬರಿನ ಬುರುಡೆಯನ್ನು ಅದುಮಿ ಗಾಳಿಯ ಒತ್ತಡದಿಂದ ಷಟರನ್ನು ತೆರೆದಿಡುತ್ತಿದ್ದುದರಿಂದ ಆ ಹೆಸರು ಉಳಿದುಕೊಂಡಿದೆ. ಬರೆಯುವವರು ಕಪ್ಪು ಬಟ್ಟೆ ತೊಟ್ಟು, ದೀಪವನ್ನು ಕ್ಯಾಮೆರಾದ ಕಡೆಗೆ ಹಿಡಿದು, ನಿಲ್ಲದೆ ಚಲಿಸುತ್ತಿದ್ದರೆ ಅವರ ದೇಹ ಚಿತ್ರದಲ್ಲಿ ಮೂಡುವುದಿಲ್ಲ. ಅಕ್ಷರಗಳು ಕನ್ನಡಿಯಲ್ಲಿ ಕಂಡಂತೆ ತಿರುಗಿ ಬರುವುದರಿಂದ ಚಿತ್ರವನ್ನು ಆಮೇಲೆ ಅಡ್ಡಲಾಗಿ ಮಗುಚಬೇಕಾಗುತ್ತದೆ. ದುಂಡಗಿನ ಕನ್ನಡ ಅಕ್ಷರಗಳು ಈ ಬರವಣಿಗೆಗೆ ಚೆನ್ನಾಗಿ ಒಗ್ಗುತ್ತವೆ. ಆದರೆ ಒತ್ತಕ್ಷರ ಬಂದಾಗ ದೀಪವನ್ನು ಕೈಯಿಂದ ಮುಚ್ಚಿ, ಕತ್ತಲೆಯಲ್ಲಿ ಜಾಗವನ್ನು ಅಂದಾಜಿಸಿ ಮತ್ತೆ ತೆರೆಯಬೇಕು. ಅಭ್ಯಾಸವಿಲ್ಲದಿದ್ದರೆ ಒತ್ತು ಪಕ್ಕದ ಅಕ್ಷರದ ಕೆಳಗೆ ಹೋಗಿ ಕೂರುತ್ತದೆ.

ಹಗಲಿನಲ್ಲಿ ಈ ಪ್ರಯೋಗಕ್ಕೆ ಬೆಳಕೇ ಅಡ್ಡಿ. ಪ್ರಖರ ಬಿಸಿಲಿನಲ್ಲಿ ಐಎಸ್‌ಒ 100, ಎಫ್ 16 ಇದ್ದಾಗ ಸರಿಯಾದ ಷಟರ್ ಕಾಲ ಸುಮಾರು 1/100 ಸೆಕೆಂಡು. ಬೆಳಕನ್ನು 64ನೇ ಒಂದು ಭಾಗಕ್ಕೆ ಇಳಿಸುವ ಎನ್‌ಡಿ ಫಿಲ್ಟರನ್ನು ಮಸೂರಕ್ಕೆ ತೊಡಿಸಿದರೆ ಇದು ಸುಮಾರು 0.6 ಸೆಕೆಂಡಿಗೆ ಹಿಗ್ಗುತ್ತದೆ. ಅಡಕೆ ಅಥವಾ ತೆಂಗಿನ ತೋಟದಲ್ಲಿ ಕ್ಯಾಮೆರಾವನ್ನು ಮೇಲಿನಿಂದ ಕೆಳಕ್ಕೆ ಇಳಿಸಿ ತೆಗೆದಾಗ ಕಾಂಡಗಳು ನೀಳ ಪಟ್ಟೆಗಳಾಗಿ ಉಳಿದು ಗರಿಗಳು ಹಸಿರಾಗಿ ಕರಗಲು ಅಷ್ಟು ಸಾಕು.

ಫಿಲ್ಮಿನ ಕಾಲದಲ್ಲಿ ಒಂದು ಸೆಕೆಂಡಿಗಿಂತ ದೀರ್ಘವಾದ ಎಕ್ಸ್‌ಪೋಷರಿನಲ್ಲಿ ಫಿಲ್ಮಿನ ಸೂಕ್ಷ್ಮತೆ ಕುಗ್ಗುತ್ತಿದ್ದುದರಿಂದ ಕಾಲವನ್ನು ಲೆಕ್ಕಕ್ಕಿಂತ ಹೆಚ್ಚಿಸಬೇಕಾಗುತ್ತಿತ್ತು. ಖಗೋಳವಿಜ್ಞಾನಿ ಕಾರ್ಲ್ ಶ್ವಾರ್ಜ್‌ಶಿಲ್ಡ್ ಅಧ್ಯಯನ ಮಾಡಿದ ಈ ಪರಿಣಾಮಕ್ಕೆ ಅವರ ಹೆಸರೇ ಇದೆ. ಡಿಜಿಟಲ್ ಸಂವೇದಕಕ್ಕೆ ಈ ಕೊರತೆಯಿಲ್ಲ. ಬದಲಿಗೆ ಅದು ದೀರ್ಘಕಾಲದಲ್ಲಿ ಬಿಸಿಯಾಗಿ ಚಿತ್ರದಲ್ಲಿ ಬಣ್ಣದ ಕಾಳುಗಳನ್ನು ಬಿತ್ತುತ್ತದೆ. ಷಟರ್ ಮುಚ್ಚಿದ ಸ್ಥಿತಿಯಲ್ಲಿ ಅಷ್ಟೇ ಕಾಲದ ಇನ್ನೊಂದು ಕಪ್ಪು ಚಿತ್ರ ತೆಗೆದು, ಅದನ್ನು ಮೊದಲನೆಯದರಿಂದ ಕಳೆಯುವ ಮೂಲಕ ಅನೇಕ ಕ್ಯಾಮೆರಾಗಳು ಇದನ್ನು ಸರಿಪಡಿಸುತ್ತವೆ. ಮೂವತ್ತು ಸೆಕೆಂಡಿನ ಚಿತ್ರದ ನಂತರ ಕ್ಯಾಮೆರಾ ಇನ್ನೂ ಮೂವತ್ತು ಸೆಕೆಂಡು ಕೆಲಸ ಮಾಡದೆ ನಿಲ್ಲುವುದು ಇದಕ್ಕಾಗಿ. ಮೊಬೈಲ್ ಫೋನುಗಳಲ್ಲಿ ಬೆಳಕಿನ ಜಾಡು ಹಿಡಿಯುವ ವ್ಯವಸ್ಥೆಯು ಸಾಮಾನ್ಯವಾಗಿ ಹಲವು ಸಣ್ಣ ಎಕ್ಸ್‌ಪೋಷರುಗಳನ್ನು ಒಗ್ಗೂಡಿಸಿ ಒಂದು ಚಿತ್ರ ಮಾಡುತ್ತದೆ. ಎರಡು ಎಕ್ಸ್‌ಪೋಷರುಗಳ ನಡುವಿನ ಬಿಡುವಿನಿಂದ ವೇಗದ ಗೆರೆಗಳಲ್ಲಿ ಸಣ್ಣ ಬಿರುಕುಗಳು ಕಾಣಿಸಬಹುದು.

ಆಕಸ್ಮಿಕ ಮತ್ತು ಹಿಡಿತ

ಯಾರು ಕ್ಯಾಮೆರಾ ಅಲುಗಿಸಿದರೂ ಇಂತಹ ಚಿತ್ರ ಬರುತ್ತದೆ, ಇದರಲ್ಲಿ ಕೌಶಲವೇನಿದೆ ಎಂಬುದು ಈ ವಿಧಾನದ ಬಗೆಗಿನ ಹಳೆಯ ಆಕ್ಷೇಪ. ಒಂದು ಚಿತ್ರದ ಮಟ್ಟಿಗೆ ಆಕ್ಷೇಪದಲ್ಲಿ ಹುರುಳಿದೆ. ನೂರು ಬಾರಿ ಅಲುಗಿಸಿದರೆ ಒಂದಾದರೂ ಸೊಗಸಾಗಿ ಬಂದೀತು. ಬಂದುದನ್ನು ಮತ್ತೆ ಬರಿಸಲು ಸಾಧ್ಯವೇ ಎಂಬುದು ವ್ಯತ್ಯಾಸದ ನೆಲೆ. ಒಂದು ಬಾರಿಗೆ ಒಂದೇ ಅಂಶವನ್ನು, ಅಂದರೆ ವೇಗವನ್ನೋ ದಿಕ್ಕನ್ನೋ ರಂಧ್ರವನ್ನೋ, ಬದಲಿಸಿ ಉಳಿದುವನ್ನು ಹಾಗೆಯೇ ಇಟ್ಟು ಚಿತ್ರಗಳ ಸರಣಿಯನ್ನು ತೆಗೆದವರಿಗೆ ಕೆಲವೇ ದಿನಗಳಲ್ಲಿ ತಮ್ಮ ಕೈಚಲನೆ ಯಾವ ಗೆರೆಯಾಗುತ್ತದೆ ಎಂಬುದು ಮೊದಲೇ ಹೊಳೆಯತೊಡಗುತ್ತದೆ. ಕಲಹನ್ ಅವರ ಚಿತ್ರಗಳಲ್ಲಿ ಬಿಡಿ ಚಿತ್ರಕ್ಕಿಂತ ಸರಣಿಗೆ ಹೆಚ್ಚಿನ ಬೆಲೆಯಿರುವುದೂ ಇದರಿಂದಲೇ. ಡಿಜಿಟಲ್ ಕ್ಯಾಮೆರಾ ಚಿತ್ರದೊಂದಿಗೆ ಷಟರ್ ಕಾಲ ಮತ್ತು ರಂಧ್ರದ ಅಳತೆಯನ್ನು ತಾನೇ ಬರೆದಿಡುತ್ತದೆ. ಕೈ ಹೇಗೆ ಚಲಿಸಿತೆಂಬುದನ್ನು ಮಾತ್ರ ಪ್ರಯೋಗ ಮಾಡುವವರೇ ಟಿಪ್ಪಣಿ ಮಾಡಿಕೊಳ್ಳಬೇಕು.

ಸುರಕ್ಷತೆ

ಉಕ್ಕಿನ ನಾರಿನ ಉಂಡೆಗೆ ಬೆಂಕಿ ಹಚ್ಚಿ ತಂತಿಯ ತುದಿಯಲ್ಲಿ ತಿರುಗಿಸಿ ಕಿಡಿಗಳ ಮಳೆಯನ್ನು ಚಿತ್ರಿಸುವ ರೂಢಿ ಜನಪ್ರಿಯವಾಗಿದೆ. ಅದರ ಕಿಡಿಗಳು ಕಾದ ಲೋಹದ ಚೂರುಗಳಾಗಿದ್ದು, ಹಲವು ಮೀಟರ್ ದೂರ ಸಿಡಿದು ನೆಲಕ್ಕೆ ಬಿದ್ದ ಮೇಲೂ ಕ್ಷಣಕಾಲ ಉರಿಯುತ್ತವೆ. ಒಣಹುಲ್ಲು, ಬಣವೆ, ಕಾಡಿನ ಅಂಚು, ಹಳೆಯ ಮರದ ಕಟ್ಟಡ ಇವುಗಳ ಸಮೀಪ ಇದನ್ನು ಮಾಡಲೇಬಾರದು. ಪಟಾಕಿಯ ಬತ್ತಿಗಳನ್ನು ಬಳಸುವಾಗ ಹತ್ತಿಯ ಉಡುಪು ಹಾಗೂ ಹತ್ತಿರದಲ್ಲೊಂದು ಬಕೆಟ್ ನೀರು ಅಗತ್ಯ. ಲೇಸರ್ ಕಿರಣವು ನೇರವಾಗಿ ಮಸೂರದೊಳಗೆ ಬಿದ್ದರೆ ಸಂವೇದಕ ಶಾಶ್ವತವಾಗಿ ಹಾಳಾಗಬಹುದು, ಕಣ್ಣಿಗೆ ಬಿದ್ದರೆ ಹಾನಿ ಇನ್ನೂ ದೊಡ್ಡದು. ವಾಹನಗಳ ಬೆಳಕಿನ ಜಾಡನ್ನು ರಸ್ತೆಯ ನಡುವಿನ ವಿಭಜಕದ ಮೇಲೆ ನಿಂತು ತೆಗೆಯುವುದಕ್ಕಿಂತ ಪಾದಚಾರಿ ಮೇಲ್ಸೇತುವೆಯಿಂದ ತೆಗೆಯುವುದು ಕ್ಷೇಮಕರ. ಎತ್ತರದಿಂದ ನೋಡಿದಾಗ ಬರುವ ವಾಹನಗಳ ಬಿಳಿ ಗೆರೆಗಳೂ ಹೋಗುವ ವಾಹನಗಳ ಕೆಂಪು ಗೆರೆಗಳೂ ಬೇರೆಬೇರೆಯಾಗಿ ಸ್ಪಷ್ಟವಾಗಿ ಮೂಡುತ್ತವೆ.